ಶಾಲೆಯ ಕೋಣೆ, ನಾಲ್ಕು ಹೆಗಲು

ಮೊರೊನಿ,
ಸೆಪ್ಟೆಂಬರ್ ೧೪, ಶನಿವಾರ

ನನ್ನ ಮುದ್ದಿನ ರೂಕಿಯಾ,

ನಿನಗೆ ಸಲಾಮು. ದೂರದ ಮಾರ್ಸೇ ಪಟ್ಟಣದ ಚಳಿಗಾಲದಲ್ಲಿ ನಿನ್ನನ್ನು ಬೆಚ್ಚಗಿಡುವ ಆ ಹಳೇ ಕಂಬಳಿಗೂ ಸಲಾಮು. ವಾರವಾರ ಫೋನು ಮಾಡುವ ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನ್ನ ಎದೆ ಧಸಕ್ಕೆಂದಿರಬೇಕು. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಅಪ್ಪ ಬದುಕಿದ್ದಾರೆ. ಈಗಷ್ಟೇ ಹುರಿದ ದಿವಿಹಲಸು ತಿಂದು, ಉಪ್ಪು ಸಾಲದು ಎಂದು ನನ್ನನ್ನು ಬೈದು, ಮೆಟ್ಟಿಲ ಮೇಲೆ ಕೂತಿದ್ದಾರೆ. ಈ ಮನೆಯಲ್ಲಿ ಫೋನಿನಲ್ಲಿ ಏನು ಹೇಳಿದರೂ ಅವರ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ.

ನೀನು ಬಂದ ಆ ಹತ್ತು ದಿನ ಮನೆ ಮನೆಯಾಗಿತ್ತು. ಈ ಊರನ್ನು ನೋಡಲೆಂದು ಹೊರಗಿನವರು ಯಾರೂ ಬರುವುದಿಲ್ಲ. ಬರುವವರೆಲ್ಲ ಆಗಸ್ಟ್ ತಿಂಗಳ ಮದುವೆಗಳಿಗೆ ಬರುವ ನಿಮ್ಮಂಥ ಮಕ್ಕಳೇ. ಬಂದರಿನಲ್ಲಿ ಒಬ್ಬ ಬಿಳಿಯ ಪ್ರವಾಸಿ ದೋಣಿಗಳ ಫೋಟೋ ತೆಗೆಯುತ್ತಿದ್ದಾಗ, "ಪಾಪ, ದಾರಿ ತಪ್ಪಿ ಬಂದವ್ನೆ, ಯಾರಾದ್ರೂ ಊಟಕ್ಕೆ ಕರೀರಿ" ಎಂದು ನಿನ್ನ ಅಪ್ಪ ಹೇಳಿದ್ದು ನೆನಪಿದೆಯೇ? ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗುವಿನ ಮೇಲೇ ಈಗ ದಿನ ದೂಡುತ್ತಿದ್ದೇನೆ.

ಈಗ ವಿಷಯ. ಚೌಕದ ಮೂಲೆಯಲ್ಲಿರುವ ಅಪ್ಪನ ಶಾಲೆಯ ಕೋಣೆಯನ್ನು ಕೆಡವಿ, ದೊಡ್ಡ ಮದುವೆಗಳಿಗೆ ಇನ್ನಷ್ಟು ಕುರ್ಚಿ ಹಾಕಲು ಜಾಗ ಮಾಡಬೇಕೆಂದು ಕೇರಿಯ ಹಿರಿಯರು ಸಭೆ ಕರೆದಿದ್ದರಲ್ಲ, ಅಂದು ನೀನು ಅಪ್ಪನಿಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಅಪ್ಪಾ, ಅಲ್ಲಿ ಕೂತಿರೋರಿಗೆಲ್ಲ ಓದೋದು ಕಲಿಸಿದ್ದು ನೀವು. ನೀವೇ ಬಾಯಿ ಮುಚ್ಕೊಂಡ್ರೆ ಮಾತಾಡೋರು ಯಾರು?" ಅವರು ಟೋಪಿ ಹುಡುಕತೊಡಗಿದರು.

ಮನೆಮಟ್ಟಿಗೆ ಮದುವೆಯಾಗಿ ಮಕ್ಕಳಾಗಿದ್ದರೂ, ಊರೆದುರು ದೊಡ್ಡ ಮದುವೆ ಮಾಡಿಕೊಳ್ಳದ ಗಂಡಸಿಗೆ ಎಪ್ಪತ್ತೆರಡಾದರೂ ಅವನು ಊರ ಹುಡುಗನೇ ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ಹಿಂದಿನ ಸಾಲಿನಲ್ಲಿ ನಿಲ್ಲಬೇಕು, ಹಿರಿಯರು ತಿಂದ ಮೇಲೆ ತಿನ್ನಬೇಕು, ಸಭೆಯಲ್ಲಿ ತುಟಿ ಬಿಚ್ಚಬಾರದು. ಊರಿಗೆಲ್ಲ ಊಟ ಹಾಕಿ, ಚಿನ್ನ ಇಟ್ಟು ಆ ಮದುವೆ ಮಾಡಿಕೊಳ್ಳಬೇಕಿದ್ದ ದುಡ್ಡಿನಲ್ಲಿ ಅವರು ನಿನ್ನನ್ನು ಓದಿಸಿದರು. ಅದಕ್ಕೆ ಒಂದು ದಿನವೂ ಮರುಗಿದವರಲ್ಲ. "ನನ್ನ ದೊಡ್ಡ ಮದುವೆ ಮಾರ್ಸೇಲಿ ನರ್ಸ್ ಕೆಲಸ ಮಾಡ್ತೈತೆ" ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ನೀನೂ ನಾನೂ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆವು. ಹಿಂದಿನ ಸಾಲಿನಿಂದ ಅವರು ಮುಂದೆ ಬಂದು ಎರಡೇ ಎರಡು ಮಾತಾಡಿದರು. ಕುರ್ಚಿ ಬೇರೆ ಕಡೆ ಹಾಕಬಹುದು, ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ ಎಂದರು. ಹಿಂದಿದ್ದ ಹುಡುಗರು ಚಪ್ಪಾಳೆ ತಟ್ಟಿದರು, ನೀನು ಫೋನಿನಲ್ಲಿ ಹಿಡಿದುಕೊಂಡೆ. "ಅಮ್ಮಾ, ನಿನ್ ಕೈ ಯಾಕಿಷ್ಟು ತಣ್ಣಗಿದೆ?" ಎಂದು ಕೇಳಿದೆ. ಸಮುದ್ರದ ಗಾಳಿ ಎಂದೆ. ಮರುದಿನ ಬೆಳಿಗ್ಗೆ ನೀನು ವಿಮಾನ ಹತ್ತಿದೆ.

ನೀನು ಹೋದ ಮಧ್ಯಾಹ್ನವೇ ಸಭೆ ಮತ್ತೆ ಸೇರಿತು. ಈಗ ಹಿರಿಯರಲ್ಲಿ ಹಿರಿಯನಾಗಿರುವ ಸೊಯಿಲಿಹಿ ಎದ್ದು ನಿಂತ. ಒಂದು ಕಾಲದಲ್ಲಿ ಏಳರ ಮಗ್ಗಿ ಬಾರದೆ ನಮ್ಮ ಹಿತ್ತಲಲ್ಲಿ ಅಡಗಿ ಕೂರುತ್ತಿದ್ದವನು. "ಮಾಸ್ತರೇ, ದೊಡ್ಡೋರು ಮಾತಾಡ್ವಾಗ ಹುಡುಗ್ರು ಬಾಯಿ ಹಾಕ್ಬಾರ್ದು ಅಂತ ಬೆತ್ತ ಹಿಡ್ದು ಕಲಿಸ್ದೋರು ನೀವೇ ಅಲ್ವಾ?" ಎಂದನಂತೆ. ನಗು ಎದ್ದಿತಂತೆ. ಒಂದು ಎತ್ತು, ಎರಡು ಮೂಟೆ ಅಕ್ಕಿ ದಂಡ, ಜೊತೆಗೆ ಎಲ್ಲರೆದುರು ತಪ್ಪಾಯಿತು ಎನ್ನಬೇಕು. ನಿನ್ನ ಅಪ್ಪ ಏನೆಂದರು ಗೊತ್ತೇ? "ಎತ್ತು ಕೊಡ್ಬೋದು. ತಪ್ಪಾಯ್ತು ಅನ್ನೋಕೆ ತಪ್ಪೆಲ್ಲಿದೆ, ತೋರಿಸಿ." ಅಂದಿನಿಂದ ನಮಗೆ ಬಹಿಷ್ಕಾರ.

ನೀನು ಎತ್ತಿನ ದುಡ್ಡು ಕಳಿಸುತ್ತೇನೆ ಎನ್ನಬೇಡ. ನಿನ್ನ ಅಪ್ಪನ ಬಾಯಿಂದ ತಪ್ಪಾಯಿತು ಎಂಬ ಮಾತು ಬರುವವರೆಗೆ ನಾವು ಹತ್ತು ಎತ್ತು ಕೊಟ್ಟರೂ ಊರು ಮುಟ್ಟುವುದಿಲ್ಲ.

ಬಹಿಷ್ಕಾರ ಎಂದರೆ ಯಾರೂ ಕಲ್ಲೆಸೆಯುವುದಿಲ್ಲ ಮಗಳೇ. ಸುಮ್ಮನಿರುತ್ತಾರೆ, ಅಷ್ಟೇ. ಮೀನಿನವಳು ನನ್ನ ಮುಂದೆ ಬುಟ್ಟಿ ಇಳಿಸುವುದಿಲ್ಲ. ಮಸೀದಿಯಲ್ಲಿ ಅವರ ಎರಡೂ ಪಕ್ಕ ಒಂದೊಂದು ಆಳಿನ ಜಾಗ ಖಾಲಿ. ಪಕ್ಕದ ಮನೆಯ ಝಹಾರಾ, ನಲವತ್ತು ವರ್ಷ ನನ್ನ ಒಲೆಯ ಕೆಂಡ ಇಸಕೊಂಡು ಹೋದವಳು, ಈಗ ಹಿತ್ತಲ ಗೋಡೆಯ ಸಂದಿನಲ್ಲಿ ಕೈ ಮಾತ್ರ ಚಾಚುತ್ತಾಳೆ. ತನ್ನ ಮಗಳ ಬಾಣಂತನಕ್ಕೆ ನಿಮ್ಮೂರಿಗೆ ಬರುತ್ತಿದ್ದಾಳೆ. ಈ ಕಾಗದವನ್ನೂ ಆ ಕೈಗೇ ಕೊಡುತ್ತೇನೆ. ಅವಳನ್ನು ಏನೂ ಕೇಳಬೇಡ, ಅತ್ತುಬಿಡುತ್ತಾಳೆ.

ಫೋನಿಗೆ ಅಪ್ಪ ಯಾಕೆ ಬರುವುದಿಲ್ಲ ಎಂದು ಕೇಳುತ್ತೀಯಲ್ಲ, ನಾಲ್ಕು ಮಾತಾಡಿದರೆ ಏದುಸಿರು ಬರುತ್ತದೆ. ಕಾಲು ಊದಿಕೊಂಡಿದೆ. ಗುಂಡಿಗೆ ದೊಡ್ಡದಾಗಿದೆ, ಬಹಳ ದಿನ ತಡೆಯುವುದಿಲ್ಲ ಎಂದರು ಡಾಕ್ಟರು. ನಾನು ರಾತ್ರಿ ಹಗಲು ಒಂದೇ ಲೆಕ್ಕ ಹಾಕುತ್ತೇನೆ, ನಾಳೆ ಹೆಚ್ಚುಕಡಿಮೆಯಾದರೆ ಇವರನ್ನು ಹೊರಲು ನಾಲ್ಕು ಹೆಗಲು ಎಲ್ಲಿಂದ ತರಲಿ? ನಮಗೆ ಗಂಡುಮಕ್ಕಳಿಲ್ಲ. ಊರು ಬರುವುದಿಲ್ಲ. ಅವರಿಗೆ ನನ್ನ ಮನಸ್ಸು ತಿಳಿಯುತ್ತದೆ, ತಮಾಷೆ ಮಾಡುತ್ತಾರೆ. "ನಾಲ್ಕು ಜನ ಸಿಗದಿದ್ರೆ ಇಟ್ಟಿಗೆ ಗಾಡೀಲಿ ಹಾಕ್ಕೊಂಡು ತಳ್ಳು ಮಾರಾಯ್ತಿ, ಸಮುದ್ರದ ಕಡೆ ಇಳಿಜಾರೇ ಇದೆ!" ನಾನೂ ನಗುತ್ತೇನೆ. ಆಮೇಲೆ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯುತ್ತಾ ಕೂರುತ್ತೇನೆ, ಬೇಕಿರಲಿ ಬೇಡವಿರಲಿ.

ತಪ್ಪಾಯಿತು ಎಂದುಬಿಡಿ ಎಂದು ಕಾಲು ಹಿಡಿದು ಕೇಳಿಕೊಂಡೆ. ನೀನು ಹಿಡಿದ ವಿಡಿಯೋ ತೋರಿಸಿ, "ನೋಡು, ರೂಕಿಯಾ ಎಷ್ಟು ಹೆಮ್ಮೆ ಪಟ್ಕೊಂಡಿದ್ಲು. ಅದನ್ನ ವಾಪಸ್ ತಗೊಳ್ಳೋದು ಹೆಂಗೆ?" ಎಂದರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಬೇಕೆಂದಿದ್ದೆ. ಇದೆ, ಸ್ವಲ್ಪ ಇದೆ. ನನ್ನ ಮೇಲಿರುವುದಕ್ಕಿಂತ ಕಡಿಮೆ.

ವೇಳೆಗೆ ಸರಿಯಾಗಿ ಉಣ್ಣು.

ನಿನ್ನನ್ನು ಹೆತ್ತ,
ಮೊಯ್ನಾ

ಮತ್ತೆ: ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ಶಾಲೆಯ ಕೋಣೆ ನಿಂತಿರುವ ನೆಲ ನನ್ನ ಅಜ್ಜಿಯದು, ಅಮ್ಮನದು, ನನ್ನದು, ಮುಂದೆ ನಿನ್ನದು. ಹೆಣ್ಣಿನ ನೆಲವನ್ನು ಹೆಣ್ಣು ಒಪ್ಪದೆ ಈ ಊರಲ್ಲಿ ಯಾವ ಸಭೆಯೂ ಮುಟ್ಟಲಾರದು. ನಿನಗೆ ಇದು ಹೊಳೆಯಲಿಲ್ಲ, ನಿನ್ನ ಅಪ್ಪನಿಗೆ ಹೊಳೆಯಿತೋ ಇಲ್ಲವೋ ಕೇಳುವ ಧೈರ್ಯ ನನಗಿಲ್ಲ. ಕೋಣೆ ಕೆಡವಲು ರಂಜಾನಿಗೆ ಮೊದಲೇ ನಾನು ಸೊಯಿಲಿಹಿಗೆ ಹೂಂ ಎಂದಿದ್ದೆ. ಬದಲಿಗೆ ಅವನು ಒಂದು ಮಾತು ಕೊಟ್ಟಿದ್ದ, ಮಾಸ್ತರರ ಕಾಲ ಬಂದಾಗ ಅವರನ್ನು ಹುಡುಗನಂತಲ್ಲ, ಹಿರಿಯನಂತೆ ಇಡೀ ಕೇರಿ ಹೊತ್ತು ಕಳಿಸುತ್ತದೆ ಎಂದು. ಆ ಮಾತು ಈಗ ಬಿದ್ದುಹೋಯಿತು. ನನ್ನ ಹೂಂ ಹಾಗೇ ಇದೆ. ಸೋಮವಾರ ಕೋಣೆ ಕೆಡವುತ್ತಾರಂತೆ. ಗೋಡೆಯ ಮೇಲಿನ ಕರಿಹಲಗೆಯನ್ನಾದರೂ ಕೇಳಿ ತಾ ಎಂದು ಅಪ್ಪ ನನ್ನನ್ನು ಕಳಿಸುತ್ತಿದ್ದಾರೆ.