ಕಿತ್ತುಕೊಂಡ ಬೆಲ್ಲ

ಅಪ್ಪಾ,

ನೀನು ತೀರಿಕೊಂಡ ಮೇಲೆ ನನಗೂ ಸಕ್ಕರೆ ಕಾಯಿಲೆ ಬಂತು. ನಿನ್ನೆ ನರಸಾಪುರದ ಕಂಪನಿಯಿಂದ ಸುಸ್ತಾಗಿ ಬಂದು, ಇನ್ಸುಲಿನ್ ಚುಚ್ಚಿಕೊಂಡು, ಎರಡೇ ತುತ್ತು ಉಂಡು ಮಲಗಿಬಿಟ್ಟೆ. ನಡುರಾತ್ರಿ ಎಚ್ಚರವಾದಾಗ ಮೈಯೆಲ್ಲ ಬೆವರು, ಕೈಕಾಲು ನಡುಕ. ಪಕ್ಕದಲ್ಲೇ ಮಲಗಿದ್ದ ರೂಮಿನ ಗೆಳತಿ ರುಕ್ಸಾರ್‌ನ ಕೂಗೋಣ ಅಂದ್ರೆ ನಾಲಿಗೆ ಹೊರಳಲಿಲ್ಲ. ನನ್ನ ಮೈಯೊಳಗೇ ನನ್ನನ್ನು ಯಾರೋ ಕೂಡಿಹಾಕಿದಂಗಿತ್ತು. ಹೇಗೋ ಚೊಂಬು ಉರುಳಿಸಿದೆ. ಅವಳು ಎದ್ದು, ನನ್ನನ್ನು ಕೂರಿಸಿ, “ಶುಗರ್ ಪೂರ್ತಿ ಇಳಿದುಬಿಟ್ಟಿದೆ, ನುಂಗೇ ರಜನಿ, ನುಂಗು” ಅಂತ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದಳು.

ಜೀವ ಬಂದಮೇಲೂ ಅಳು ನಿಲ್ಲಲಿಲ್ಲ. “ಸರಿಹೋಯ್ತಲ್ಲ, ಯಾಕೇ ಅಳ್ತೀಯ?” ಅಂದಳು.

ಸುಗಟೂರಿನ ಮನೆಯಲ್ಲಿ ನೀನೂ ಒಂದು ರಾತ್ರಿ ಹೀಗೇ ಬೆವೆತು, ನಡುಗುತ್ತಾ ಬೆಲ್ಲದ ಡಬ್ಬ ತಡಕಾಡ್ತಿದ್ದೆ. ನಾನು ಕಿತ್ತುಕೊಂಡು, “ಶುಗರ್ ಇಟ್ಕೊಂಡು ಕದ್ದು ತಿಂತೀಯಾ? ನಾಚಿಕೆ ಆಗಲ್ವಾ?” ಅಂದೆ.

ನೀನು ಗೋಡೆ ಹಿಡಿದುಕೊಂಡು ಹೋಗಿ ಮಲಗಿದೆ.