ಮೂವತ್ತೆಂಟು ಸೆಕೆಂಡಿನ ತೂತು

ನವೆಂಬರ್ 17, ರವಿವಾರ

ಏಳೂಕಾಲಿನ ಬಸ್ಸಿಗೆ ರೋಣ ಬಿಟ್ಟೆ. ಮೆಡಿಕಲ್ ಶಾಪಿನ ಕೀಲಿ ಅಣ್ಣನ ಕೈಗೆ. ಎಂದಿನ ಹಾಗೆ ಗಜೇಂದ್ರಗಡದಲ್ಲಿ ರೇಷ್ಮಾಳ ಮನೆ. ಅವಳ ಅವ್ವ ವೀರವ್ವ ಮಗ್ಗ ನಿಲ್ಲಿಸಿ ಎದ್ದ ಮೇಲೆ ಪ್ರಾಕ್ಟೀಸು. ನಾನೂ ರೇಷ್ಮಾನೂ ವಯೊಲಿನ್. ನಿಜಲಿಂಗಪ್ಪ ಮಾಸ್ತರು ಚೆಲ್ಲೋ — ಆಳೆತ್ತರದ ಪಿಟೀಲು. ನರೇಗಲ್‌ನಿಂದ ಸಿಟ್ಟಿನಲ್ಲೇ ಬಂದರು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದನಂತೆ.

“ಇದೇನ ಕೂಸೇನೋ ಅಂದೆ. ಸೀಟ ಹಿಡದೈತೆಲ್ರಿ ಅಂದ.”

ಎಲ್ಲರೂ ನಕ್ಕೆವು. ಆಮೇಲೆ ನಾನು ನಗಲಿಲ್ಲ. ನಾವು ಕಲಿಯುತ್ತಿರುವ ಕೃತಿಯ ಮೂರನೇ, ಕೊನೆಯ ಭಾಗದಲ್ಲಿ ಮಲಿಕಸಾಬರ ಹಾರ್ಮೋನಿಯಂ ಓಡುತ್ತದೆ. ನಲವತ್ತು ವರ್ಷ ನಾಟಕಕ್ಕೆ, ಭಜನೆಗೆ ಬಾರಿಸಿದ ಕೈ. ಕೊನೆ ಬಂತೆಂದರೆ ತಡೆಯೋದಿಲ್ಲ.

“ಮುನ್ನೂರು ವರ್ಷದ ಹಿಂದಿನ ಇಟಲಿ ಕಾನ್ಸರ್ಟೊ ಕಾಕಾ ಇದು. ಚಕ್ಕಡಿ ಓಡಸೂ ಶರತ್ತಲ್ಲ.”

ಮಾಸ್ತರು ಹಗೂರಕ್ಕೆ ಬಾಯಿ ಬಿಟ್ಟರು. “ಯೂಟ್ಯೂಬಿನಾಗ ಬ್ಯಾರೇದವರದು ಕೇಳಿದ್ನಿರಿ. ಮೂರನೇದರಾಗ ಏನೋ ಹೆಚ್ಚಿಗಿ ಐತಿ ಅನಸ್ತು.”

“ಊರ ಮಂದೀದೆಲ್ಲಾ ಕೇಳಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ ಸರ್? ನಾ ಕೊಟ್ಟದ್ದಷ್ಟ ಕೇಳ್ರಿ!”

ನಮ್ಮಲ್ಲಿ ಯಾರಿಗೂ ಪಾಶ್ಚಾತ್ಯರ ಸ್ವರಲಿಪಿ ಓದಲು ಬಾರದು. ಕಿವಿಯೇ ಪುಸ್ತಕ. ಜುಲೈನಲ್ಲಿ ಈ ಕಾನ್ಸರ್ಟೊದ ಸಿ.ಡಿ.ಯನ್ನು ಲ್ಯಾಪ್‌ಟಾಪಿಗೆ ಹಾಕಿ, ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಿದವಳು ನಾನು. ನಾಲ್ಕು ತಿಂಗಳು ಅದನ್ನೇ ಅರೆದು ಕುಡಿದಿದ್ದೇವೆ. ಒಬ್ಬೊಬ್ಬರು ಒಂದೊಂದು ಕೇಳಿದರೆ ಮುಗಿಯಿತು ಕಥೆ.

ಡಿಸೆಂಬರ್ 8ಕ್ಕೆ ಗಜೇಂದ್ರಗಡದ ನೇಕಾರರ ಸಂಘದ ಹಾಲಿನಲ್ಲಿ ನಮ್ಮ ಕಛೇರಿ. ಎಲ್ಲರ ಮುಂದಾಗಿ ಒಬ್ಬರೇ ಬಾರಿಸುವ ಸೋಲೋ ನನ್ನದು. ಇಪ್ಪತ್ತೆರಡು ವರ್ಷ ಹಾಡುವವರ ಪಕ್ಕ ಕೂತು, ಅವರು ಹಾಡಿದ್ದನ್ನೇ ಹಿಂದಿನಿಂದ ಬಾರಿಸಿದೆ. ಕರಪತ್ರದಲ್ಲಿ ನಾನು ಯಾವಾಗಲೂ ‘ಮತ್ತು ಸಂಗಡಿಗರು’. ಈ ಸಲ ಅಲ್ಲ. ಬಾರಿಸಿಯೇ ತೀರುತ್ತೇನೆ.

ನವೆಂಬರ್ 24, ರವಿವಾರ

ಧಾರವಾಡದಿಂದ ಅನಿತಾ ಮೇಡಂ ಬಂದರು. ಪಾಶ್ಚಾತ್ಯ ಸಂಗೀತ ಕಲಿಸುವವರು. ನಮ್ಮ ಜೊತೆ ವಯೋಲಾ — ತುಸು ದೊಡ್ಡ, ದಪ್ಪ ದನಿಯ ಪಿಟೀಲು — ಬಾರಿಸಲು ಒಪ್ಪಿದ್ದಾರೆ. ಎದುರಿಗೆ ಅಚ್ಚಾದ ಸ್ವರಲಿಪಿಯ ಪುಸ್ತಕ. ಮೊದಲ ಭಾಗ ಮುಗಿದಾಗ “ಎಲ್ಲಾ ಬಾಯಿಪಾಠ ಏನ್ರಿ!” ಎಂದು ಕಣ್ಣರಳಿಸಿದರು. ನನ್ನ ಎದೆ ಉಬ್ಬಿತು.

ಮೂರನೇದರ ನಡುವೆ ಅವರೆಲ್ಲೋ, ನಾವೆಲ್ಲೋ. ನಿಂತೆವು. ಮತ್ತೆ ಬಾರಿಸಿದೆವು. ಮತ್ತೆ ಅದೇ ಜಾಗ.

“ಇಲ್ಲೆ ಒಂದ ಪುಟ ಹಾರಿ ಹೊಂಟೀರಿ ನೀವು. ಅದೂ ಸೋಲೋ ಇದ್ದ ಪುಟ.”

“ನಾವ್ಯಾಕ ಹಾರೂಣ್ರಿ? ನಿಮ್ಮ ಪುಸ್ತಕಾನ ತಪ್ಪದ!”

ನಾನೇ. ಅತಿಥಿಗೆ. ಎಲ್ಲರ ಎದುರು. ಅವರು ಪುಸ್ತಕ ಮುಚ್ಚಿ, ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹೋದರು.

ಸಂಜೆ 6.30, ರೋಣ

ಸಿ.ಡಿ. ಹುಡುಕಿ ಹಾಕಿದೆ. ಫೋನಿನ ರೆಕಾರ್ಡಿಂಗ್ ಪಕ್ಕದಲ್ಲಿ.

ಪುಸ್ತಕ ಸರಿ ಇದೆ. ತೂತು ನನ್ನದು.

ಜುಲೈನಲ್ಲಿ ರೆಕಾರ್ಡ್ ಮಾಡುವಾಗ ಯಾವಗಲ್‌ನಿಂದ ಯಾರೋ ಫೋನ್ ಮಾಡಿದ್ದರು — ಬಿ.ಪಿ. ಗುಳಿಗೆ ಬಂದಿದೆಯೇ ಎಂದು. ರೆಕಾರ್ಡಿಂಗ್ ನಿಂತಿತು. ಬಂದಿದೆ ಎಂದು ಹೇಳಿ ಇಟ್ಟೆ, ಅದೇ ರೆಕಾರ್ಡಿಂಗ್ ಮುಂದುವರಿಸಲು ಮತ್ತೆ ಒತ್ತಿದೆ. ಸಿ.ಡಿ. ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಮೂವತ್ತೆಂಟು ಸೆಕೆಂಡು. ಈ ಸಂಗೀತದಲ್ಲಿ ಪಲ್ಲವಿಯ ಹಾಗೆ ಒಂದೇ ಸಾಲು ತಿರುತಿರುಗಿ ಬರುತ್ತದೆ. ಆ ಸಾಲಿನ ನಡುವೆ ನಿಂತದ್ದು, ಮುಂದಿನ ಸಲ ಅದೇ ಸಾಲು ಬಂದಾಗ ಶುರುವಾಗಿದೆ. ಹಾಗಾಗಿ ಯಾರ ಕಿವಿಗೂ ಹತ್ತಲಿಲ್ಲ. ಅಲ್ಲಿ ತಾಳ ಸ್ವಲ್ಪ ಮುಗ್ಗರಿಸುತ್ತಿತ್ತು, ಖರೆ. ಮಲಿಕಸಾಬರು ಮೂರು ಸಲ ಹೊಡೆದು ಸಮಕ್ಕೆ ತರುವ ತಿಹಾಯಿ ಒಂದನ್ನು ಇಟ್ಟು ಮುಚ್ಚಿದ್ದರು. “ವಾಹ್ ಕಾಕಾ” ಎಂದವಳೂ ನಾನೇ.

ಇಟಲಿಯವರಿಗೆ ತಿಹಾಯಿ!

ಹೋದದ್ದಾದರೂ ಯಾವುದು? ಇಡೀ ಕಾನ್ಸರ್ಟೊದಲ್ಲೇ ಕಠಿಣವಾದ ಸೋಲೋ. ಥೂ.

ನವೆಂಬರ್ 25

ಯಾರಿಗೂ ಹೇಳಿಲ್ಲ.

ನವೆಂಬರ್ 28, ಗುರುವಾರ

ಅನಿತಾ ಮೇಡಂಗೆ ಫೋನ್ ಮಾಡಿದೆ. ಕ್ಷಮೆ ಕೇಳಲು ನಾಲಿಗೆ ಹೊರಳಲಿಲ್ಲ. ಆದರೂ ಕೇಳಿದೆ. ಫೋನಿನ ಕಥೆ ಹೇಳಿದಾಗ ನಕ್ಕರು.

“ಇರ್ಲಿ ಬಿಡ್ರಿ ವಸುಧಾ. ಹಂಗ ಬಾರಸ್ರಿ. ಅಲ್ಲೆ ಯಾರಿಗೆ ಗೊತ್ತಾಗ್ತದ?”

“ನನಗ ಗೊತ್ತಾಗ್ತದಲ್ರಿ.”

“ಹತ್ತ ದಿವಸದಾಗ ಆಗೂ ಮಾತಲ್ಲ ಅದು. ಪೂರಾ ಬೇಕಂದ್ರ ನನ್ನ ಸ್ಟೂಡೆಂಟ್ ಒಬ್ಬಾಂವ ಇದ್ದಾನ, ಸಾಜೀದ ಅಂತ. ಸೋಲೋ ಅಂವ ಬಾರಸ್ಲಿ, ನೀವು ಬಾಜೂಕ ಕುಂಡರ್ರಿ.”

ಬಾಜೂಕ! ಇಪ್ಪತ್ತೆರಡು ವರ್ಷ ಕೂತದ್ದು ಸಾಲದೇ? ಹೊಟ್ಟೆ ಉರಿಯಿತು. ಅವರದೇನೂ ತಪ್ಪಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಏಳನೇ ತಾರೀಖಿನವರೆಗೆ ಟೈಮ್ ಕೊಡಿ ಎಂದೆ. ಆ ದಿನ ಫೋನಿನಲ್ಲೇ ಬಾರಿಸಿ ಕೇಳಿಸುತ್ತೇನೆ. ಬರದಿದ್ದರೆ ಸಾಜೀದ. ಒಪ್ಪಿದರು.

ಹೊಸದಾಗಿ ರೆಕಾರ್ಡ್ ಮಾಡಿದೆ. ಫೋನ್ ಫ್ಲೈಟ್ ಮೋಡಿನಲ್ಲಿ.

ಡಿಸೆಂಬರ್ 1, ರವಿವಾರ

ಹೇಳಿದೆ. ಎಲ್ಲರಿಗೂ, ನಿಂತುಕೊಂಡೇ. ಮಾಸ್ತರು ಯೂಟ್ಯೂಬಿನ ಮಾತೇ ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು.

ಮಲಿಕಸಾಬರಿಗೆ ಚಿಂತೆಯೇ ಬೇರೆ. “ಅಂದ್ರ ನನ್ನ ತಿಹಾಯಿ ಹೋತೇನವಾ?”

“ಹೋತು ಕಾಕಾ.”

“ಅಯ್ಯ, ಅವರಕಿಂತ ಚಲೋ ಇತ್ತಲ್ಲ ಅದು!”

ಆ ಪುಟದಲ್ಲಿ ಉಳಿದವರಿಗೆ ಸಣ್ಣ ಕೆಲಸ. ಎರಡು ತಾಸಿನಲ್ಲಿ ಹಿಡಿದರು. ನನ್ನದೇ ಆಗಲಿಲ್ಲ. ಮೊದಲಿಂದ ಶುರು ಮಾಡುವುದು, ಒಂದು ಸಾಲು ಹೋಗುವುದು, ಬೆರಳು ಜಾರುವುದು. ಕಮಾನು ಎಸೆಯುವಷ್ಟು ಸಿಟ್ಟು ಬಂತು.

ರೇಷ್ಮಾ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲಿನ ಕಡೆ ಕೈ ತೋರಿಸಿದಳು. “ಅಕ್ಕಾರ, ಹಾಸಿನ ಎಳಿ ಹರದ್ರ ನಾವು ಮೊದ್ಲ ಹಿಂದ ಗಂಟ ಹಾಕ್ತೀವ್ರಿ. ಆಮ್ಯಾಲೆ ಎಳಿ ಮುಂದ ತರ್ತೀವಿ. ನೀವೂ ಕಡೀಕಿಂದ ಕಲೀರಿ. ಕಡೇ ನಾಕ ಸ್ವರ, ಆಮ್ಯಾಲೆ ಅದರ ಹಿಂದಿನ ನಾಕು.”

ಇಪ್ಪತ್ತಾರರ ಹುಡುಗಿ ನನಗೆ ಪಾಠ ಹೇಳುತ್ತಾಳೆ. ಹೇಳಲಿ. ಸಂಜೆಯೊಳಗೆ ಕೊನೆಯ ಎರಡು ಸಾಲು ಬಂದವು. ಎಲ್ಲಿಂದ ಶುರು ಮಾಡಿದರೂ ಗೊತ್ತಿರುವ ಕಡೆಗೇ ಹೋಗುತ್ತೇನೆ, ಅದಕ್ಕೆ ಅಂಜಿಕೆ ಇಲ್ಲ. ಒಟ್ಟು ಏಳು ಸಾಲು.

ಡಿಸೆಂಬರ್ 4, ಬೆಳಗ್ಗೆ 5.40

ಕೊನೆಯಿಂದ ನಾಲ್ಕನೇ ಸಾಲು. ಕಿರುಬೆರಳು ಸುಲಿದಿದೆ. ಟೇಪು ಸುತ್ತಿದೆ. ಮೆಡಿಕಲ್ ಶಾಪ್ ಇಟ್ಟದ್ದಕ್ಕೆ ಇಷ್ಟಾದರೂ ಉಪಯೋಗ.

ಡಿಸೆಂಬರ್ 5

ನಿನ್ನೆ ಬಂದದ್ದು ಇವತ್ತು ಬರಲಿಲ್ಲ. ಕೌಂಟರ್ ಮೇಲೆ ಬೆರಳು ಆಡಿಸುತ್ತ, ಅಸಿಡಿಟಿ ಎಂದವನಿಗೆ ಕೆಮ್ಮಿನ ಬಾಟ್ಲಿ ಕೊಟ್ಟೆ. ಪುಣ್ಯಕ್ಕೆ ಅವನೇ ನೋಡಿ ತಿರುಗಿ ಕೊಟ್ಟ. ಅಣ್ಣ ಮುಕುಂದ ಕೀಲಿ ಕಸಿದುಕೊಂಡ.

“ರವಿವಾರ ಮುಗಿಯೂ ತನಕ ಅಂಗಡಿ ಕಡೆ ಹಾಯಬ್ಯಾಡ ನೀ. ಮಂದಿ ಬದುಕ್ಲಿ.”

ಬೈದನೋ, ಬಿಡುವು ಕೊಟ್ಟನೋ. ಎರಡೂ ಇರಬೇಕು. ಮನೆಗೆ ಬಂದು ಕೂತವಳು ಊಟಕ್ಕೂ ಏಳಲಿಲ್ಲ. ಐದನೇ ಸಾಲು, ಆರನೇ ಸಾಲು ಬಂದವು.

ಡಿಸೆಂಬರ್ 7, ಶನಿವಾರ

ಏಳನೇದೂ ಬಂತು. ಫೋನ್ ಸ್ಪೀಕರಿಗೆ ಹಾಕಿ ಮೇಡಂಗೆ ಬಾರಿಸಿದೆ.

“ಎರಡ ಕಡೆ ಜಾರಿದ್ರಿ,” ಎಂದರು. ಪುಟ ತಿರುವಿದ ಸದ್ದು ಕೇಳಿಸಿತು. “ಸಾಜೀದಗ ಬರಬ್ಯಾಡ ಅಂತ ಹೇಳ್ತೀನಿ.”

ಡಿಸೆಂಬರ್ 8, ರವಿವಾರ, ಮಧ್ಯಾಹ್ನ 12.25, ಹಾಲಿನ ಹಿಂದಿನ ಕೋಣೆ

ಕಾನ್ಸರ್ಟೊ ಮುಗಿಯಿತು. ನೀರು ಕುಡಿಯಲು ಒಳಗೆ ಬಂದಿದ್ದೇನೆ. ಅಕ್ಷರ ಸೊಟ್ಟ. ಬರೆಯದೆ ಇರಲಾರೆ.

ಹಾಲ್ ತುಂಬಿತ್ತು. ಎರಡು ಭಾಗ ಚಲೋ ಹೋದವು. ಮೂರನೇದರಲ್ಲಿ, ಆ ಪುಟದ ನಟ್ಟನಡುವೆ, ಬೆರಳು ನಿಂತೇಬಿಟ್ಟಿತು. ಎಲ್ಲರೂ ಬಾರಿಸುವುದನ್ನು ನಿಲ್ಲಿಸಿದರು. ಮಲಿಕಸಾಬರು ತಮ್ಮ ತಿಹಾಯಿಗೆ ಕೈ ಎತ್ತಿದರು — ಹಳೇ ದಾರಿ ಹಿಡಿದು ನನ್ನನ್ನು ದಾಟಿಸಿಬಿಡಲು. ಬೇಡ ಎಂದು ತಲೆ ಅಲ್ಲಾಡಿಸಿದೆ. ಎದ್ದು ನಿಂತೆ.

“ಇಲ್ಲೆ ನನಗ ತಪ್ಪೇದ್ರಿ. ಮತ್ತ ಬಾರಸ್ತೀನಿ.”

ಮುಂದಿನ ಸಾಲಿನಿಂದ ವೀರವ್ವ: “ಬಾರಸ್ ಯವ್ವಾ, ನಮಗೇನ ಅವಸರ ಐತಿ?”

ಬಾರಿಸಿದೆ. ದಾಟಿದೆ. ದಾಟಿದ್ದು ನನಗೇ ಗೊತ್ತಾಗಲಿಲ್ಲ, ರೇಷ್ಮಾ ನಕ್ಕಾಗ ತಿಳಿಯಿತು. ಮುಗಿದ ಮೇಲೆ ಖುಷಿಗೆ ಅಳು ಬಂತು. ಅತ್ತೆ. ಎಲ್ಲರ ಎದುರೇ.

ಈಗ ಹೊರಗೆ ನಾಟಕದಲ್ಲಿ ಕೂಗುವ ಹಾಗೆ ಕೂಗುತ್ತಿದ್ದಾರೆ. “ವನ್ಸ್ ಮೋರ್! ವನ್ಸ್ ಮೋರ್!” ಸಿಳ್ಳೆ ಬೇರೆ. ಅನಿತಾ ಮೇಡಂ ಓಡಿ ಬಂದರು.

“ಇಂಥಾ ಸಂಗೀತಕ್ಕ ಹಿಂಗ ಕೂಗೂದು ನಾ ಎಲ್ಲೂ ನೋಡಿಲ್ರಿ! ಪೂರಾ ಬ್ಯಾಡಂತ. ನೀವು ತಪ್ಪಿದ್ರೆಲ್ಲ, ಅದಷ್ಟ ಬೇಕಂತ!”

ಅದಷ್ಟೇ. ಆ ಒಂದು ಪುಟ. ಇಡೀ ಊರಿಗೆ ಈಗ ಅದೇ ಬೇಕು. ಮಾಸ್ತರು ಚೆಲ್ಲೋ ಶ್ರುತಿ ಮಾಡುತ್ತಿರುವುದು ಕೇಳಿಸುತ್ತಿದೆ. ಹೋಗಬೇಕು. ಮತ್ತೆ ತಪ್ಪಿದರೆ ಮತ್ತೆ ಎದ್ದು ನಿಂತು ಹೇಳುತ್ತೇನೆ, ತಪ್ಪದಿದ್ದರೆ—