ಹೆಸರು ಬಿಟ್ಟ ಚರಿತ್ರೆ

ಶಿಕಾರಿಪುರ
18-2-2025

ಪ್ರೀತಿಯ ಚೈತ್ರಾ,

ನಿಮ್ಮ ಕುಬಟೂರಿಗೂ ಸುದ್ದಿ ಮುಟ್ಟಿರಬಹುದು. ನಮ್ಮ ಪಿ.ಜಿ. ಸೆಂಟರಿನ ಹಳೇ ಹಾಲ್ ಈಗ ಇಲ್ಲ. ನಾವಿಬ್ಬರೂ ಎರಡು ವರ್ಷ ಕೂತ ಮೂರನೇ ಕಿಟಕಿಯ ಜಾಗದಲ್ಲಿ ಕಲ್ಲಿನ ರಾಶಿ ಬಿದ್ದಿದೆ. ಅಳು ಬರಲಿಲ್ಲ. ನೋಡಿ ಬಂದು ಅಕ್ಕಿ ಆರಿಸುತ್ತಾ ಕೂತೆ.

ಕೆಡವಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ವಿಶ್ವವಿದ್ಯಾಲಯದ ಸಮಿತಿಗೆ ಕಟ್ಟಡದ ಚರಿತ್ರೆ ಎರಡು ಪುಟ ಬೇಕಿತ್ತು. ಸೆಂಟರಿನ ಮುಖ್ಯಸ್ಥರು ಪಂಚಾಕ್ಷರಪ್ಪ ಸರ್, ಆಫೀಸಿನಲ್ಲಿದ್ದ ನನ್ನನ್ನು ಕರೆದು, "ನೀನಂತೂ ಬಾಯಿ ಬಿಡಲ್ಲ, ಬರೆದಾದ್ರೂ ಕೊಡು ಮಾರಾಯ್ತಿ" ಎಂದರು. ಬರೆದೆ. ತೊಂಬತ್ತು ವರ್ಷದ ಹಿಂದೆ ಜಂಬಿಟ್ಟಿಗೆ ಕಲ್ಲಿನಲ್ಲಿ ಕಟ್ಟಿದ್ದು. ಗೋಡೆಯ ದಪ್ಪ ಎರಡೂವರೆ ಅಡಿ. ಕಮಾನಿನ ಕಿಟಕಿ ಒಂಬತ್ತು. ಸುಣ್ಣ, ಮರಳನ್ನು ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು ಸೇರಿಸಿ ಗಾರೆ ಮಾಡಿದವರಲ್ಲಿ ಅಬ್ಬಾನ ಅಜ್ಜನೂ ಒಬ್ಬರು.

ಬರೆಯುವ ಮುಂಚೆ ಅಬ್ಬಾನನ್ನು ಕರೆದುಕೊಂಡು ಹೋಗಿದ್ದೆ. ಗೋಡೆ ತುಂಬ ಬಿರುಕು. ಅಬ್ಬಾ ತಮ್ಮ ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿ ಕಿವಿಗೊಟ್ಟರು. ಟೊಳ್ಳು ಸದ್ದು. ಒಂದು ಚಕ್ಕೆ ಕಿತ್ತು ಒಳಗೆ ತಟ್ಟಿದರು. ಗಟ್ಟಿ ಸದ್ದು.

"ಗೋಡೆಗೆ ಏನೂ ಆಗಿಲ್ಲ ಬೇಟಾ. ಮೇಲಿನ ಸಿಮೆಂಟ್ ಸತ್ತೈತಿ. ಗಾರೆ ಉಸಿರಾಡ್ತೈತಿ, ಅದರ ಮೂಗು ನಾನೇ ಮುಚ್ಚಿದೆ" ಎಂದರು.

ಮೂವತ್ತು ವರ್ಷದ ಹಿಂದೆ ಗಾರೆಯ ಮೇಲೆ ಸಿಮೆಂಟ್ ಮೆತ್ತಿದ್ದು ಅಬ್ಬಾನೇ. ಆಗ ಎಲ್ಲರಿಗೂ ಸಿಮೆಂಟೇ ಬೇಕಿತ್ತು. ಅಜ್ಜನ ಕೆಲಸ ಹಳೇಕಾಲದ್ದು ಎಂದು ಅವರಿಗೂ ಅನ್ನಿಸಿತ್ತಂತೆ.

"ಬರಿ. ಮೇಸ್ತ್ರಿ ಮುನೀರ್ ಅಹ್ಮದ್ ತಪ್ಪು ಮಾಡಿದ, ಸಿಮೆಂಟ್ ಕೆತ್ತಿ ತೆಗೆದ್ರೆ ಗೋಡೆ ಇನ್ನೂ ನೂರು ವರ್ಷ ನಿಲ್ತೈತಿ ಅಂತ ಬರಿ. ಹೆಸರು ಬಿಡಬ್ಯಾಡ. ಹೆಸರಿಲ್ಲದ ಮಾತು ಯಾರು ನಂಬ್ತಾರೆ?"

ನಾನು ಬರೆದದ್ದು ಇಷ್ಟೇ: ಕಾಲಕ್ರಮೇಣ ಕಟ್ಟಡ ಶಿಥಿಲಗೊಂಡಿದೆ. ಊರಿನವರು ಇನ್ನೂ ಅಬ್ಬಾನನ್ನೇ ಗೋಡೆ ಕೆಲಸಕ್ಕೆ ಕರೆಯುತ್ತಾರಲ್ಲ, ಅದಕ್ಕೇ ಅವರ ಹೆಸರು ಬಿಟ್ಟೆ ಎಂದುಕೊಂಡೆ. ಸಭೆಯಲ್ಲಿ ಆ ಸಾಲನ್ನೇ ಎರಡು ಸಲ ಓದಿ ಕೆಡವಲು ಸಹಿ ಹಾಕಿದರು. ನಾನು ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದೆ.

ಜೆಸಿಬಿಗೆ ಎರಡು ದಿನ ಹಿಡಿಯಿತು. ಡ್ರೈವರ್ ಹುಲಿಯಪ್ಪ ಕೆಳಗಿಳಿದು, "ಶಿಥಿಲ ಅಂದೋನು ಯಾವನ್ರೀ? ನನ್ನ ಬಕೆಟ್ಟಿನ ಹಲ್ಲೇ ಮುರೀತು!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಈದ್‌ಗೆ ಬಾ. ಅಮ್ಮಿ ನಿನ್ನನ್ನು ಕೇಳುತ್ತಿರುತ್ತಾರೆ.

ನಿನ್ನ
ಆತಿಫಾ

ತಾ.ಕ.: ಅಬ್ಬಾಗೆ ಉರ್ದು ಬಿಟ್ಟರೆ ಬೇರೇನೂ ಓದಲು ಬರುವುದಿಲ್ಲ. ಸಮಿತಿಗೆ ಕಳಿಸುವ ಮುಂಚೆ ಎರಡೂ ಪುಟ ನನ್ನಿಂದ ಓದಿಸಿದರು. ಅವರು ಹೇಳಿದ ಮಾತನ್ನು, ಹಾಳೆಯಲ್ಲಿ ಇದೆಯೇನೋ ಎಂಬಂತೆ, ಹೆಸರು ಸಮೇತ ಓದಿದೆ. ಈಗ ದಿನಾ, "ನಾವು ಹೇಳೋದು ಹೇಳಿದ್ವಿ, ಅವರು ಕೇಳಲಿಲ್ಲ" ಎನ್ನುತ್ತಾರೆ. ಒಂದು ಪ್ರತಿ ಅವರ ಟ್ರಂಕಿನಲ್ಲಿದೆ. ನೀನು ಬಂದರೆ ಖಂಡಿತ ಓದಿಸುತ್ತಾರೆ. ಎರಡನೇ ಪುಟದ ಕೊನೆಯಲ್ಲಿ ತಡವರಿಸಬೇಡ. ಅವರ ಮಾತನ್ನು ಮೇಲೆ ಬರೆದಿದ್ದೇನೆ, ಬಾಯಿಪಾಠ ಮಾಡಿಕೊಂಡು ಬಾ.